ಹತ್ತರ ನಂತರ ಹದಿಮೂರು

ಸೌತೆಕಾಯಿಗಳ ನಡುವೆ ಒಂದು ಕುದುರೆ ನೇತಾಡುತ್ತಿತ್ತು.

ತಮಾಷೆಯಲ್ಲ. ಕಳೆದ ತಿಂಗಳ ಮೊದಲ ಶನಿವಾರದ ಮಾತು. ಉಡುಪಿಯಲ್ಲಿ ಕಚೇರಿ ಮುಗಿಸಿ ಕಾಪುವಿನ ಮನೆಗೆ ಹೊರಟಿದ್ದೆ. ಬಸ್ಸು ಕಟಪಾಡಿಯಲ್ಲಿ ಕೆಟ್ಟು ನಿಂತಿತು. (ಈ ವರ್ಷ ಇದು ನಾಲ್ಕನೆಯ ಸಲ. ದಿನಚರಿಯಲ್ಲಿ ಬರೆದಿಟ್ಟಿದ್ದೇನೆ, ಬಸ್ಸಿನವರಿಗೆ ಅನುಮಾನವಿದ್ದರೆ ಬಂದು ನೋಡಬಹುದು.) ಡ್ರೈವರು ಬಾನೆಟ್ಟಿನೊಳಗೆ ತಲೆ ಹಾಕಿದ. ಆ ತಲೆ ಹೊರಗೆ ಬರುವುದರೊಳಗೆ ಒಂದು ಚಾ ಕುಡಿಯೋಣ ಎಂದು ಎದುರಿನ ಹೋಟೆಲಿಗೆ ನುಗ್ಗಿದೆ. ಕೈ ತೊಳೆಯುವ ನೀರು ಹಿಂಭಾಗದಲ್ಲಿ. ಅಡಿಗೆಮನೆಯನ್ನು ಹಾದೇ ಹೋಗಬೇಕು. ಹಾದು ಹೋಗುವಾಗ ಸುಮ್ಮನೆ ತಲೆಯೆತ್ತಿದೆ.

ಒಲೆಯ ಮೇಲ್ಗಡೆ, ಮಾಡಿನ ಅಡ್ಡಪಟ್ಟಿಗೆ ಸಾಲಾಗಿ ಸೌತೆಕಾಯಿ ತೂಗುಹಾಕಿದ್ದರು. ಅದರಲ್ಲೇನೂ ವಿಶೇಷವಿಲ್ಲ. ಮಳೆಗಾಲಕ್ಕೆಂದು ನಮ್ಮ ಕಡೆ ಯಾರು ತೂಗುಹಾಕುವುದಿಲ್ಲ? ಆದರೆ ಎರಡು ಸೌತೆಕಾಯಿಗಳ ನಡುವೆ, ಬಾಳೆನಾರಿನ ಕುಣಿಕೆಯಲ್ಲಿ, ಒಂದು ಇಂಗ್ಲಿಷ್ ಕಾಮಿಕ್ ಪುಸ್ತಕ ನೇತಾಡುತ್ತಿತ್ತು. ಮುಖಪುಟದಲ್ಲಿ ಓಡುವ ಕುದುರೆ. ಅದರಾಚೆ ಇನ್ನೊಂದು ಪುಸ್ತಕ. ಅದರಾಚೆ ಮತ್ತೆ ಸೌತೆಕಾಯಿ.

ಕೈ ತೊಳೆಯುವುದು ಮರೆತೇ ಹೋಯಿತು.

ಈ ಅಂಕಣ ಓದುವವರಲ್ಲಿ ಹಲವರಿಗೆ ನನ್ನ ಹುಚ್ಚು ಗೊತ್ತು. ನಾನು ಹಳೆಯ ಕಾಮಿಕ್ಸ್ ಕೂಡಿಡುವವನು. ಪ್ರತಿ ಪುಸ್ತಕಕ್ಕೂ ಕ್ರಮಸಂಖ್ಯೆ, ಸಿಕ್ಕಿದ ತಾರೀಕು, ಸ್ಥಿತಿಗೆ ತಕ್ಕಂತೆ ಗ್ರೇಡು. ಕವರು ಬಿಗಿಯಾಗಿದ್ದು ಮೂಲೆ ಮಡಚದಿದ್ದರೆ ಒಂದು. ಪಿನ್ನು ತುಕ್ಕು ಹಿಡಿದಿದ್ದರೆ ಎರಡು. ಕವರು ಹೋಗಿದ್ದರೆ ಮೂರು. ಮೂರಕ್ಕಿಂತ ಕೆಳಗಿನದನ್ನು ನಾನು ಮನೆಗೆ ತರುವುದೇ ಇಲ್ಲ. ಅಷ್ಟೆಲ್ಲ ಶಿಸ್ತು ಮಾಡಿ ತಗಡಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟದ್ದಕ್ಕೆ ಕಳೆದ ಮಳೆಗಾಲ ಏನು ಮಾಡಿತು ಗೊತ್ತೇ? ಕಾಪುವಿನ ಉಪ್ಪುಗಾಳಿ ಬೀಗದ ಕಿಂಡಿಯಲ್ಲಿ ಹೊಕ್ಕಿತು. ಒಂದನೇ ಗ್ರೇಡಿನವು ಒಂದೇ ಆಷಾಢದಲ್ಲಿ ಎರಡಕ್ಕೆ ಇಳಿದವು. ಬೂಷ್ಟು ಬೇರೆ.

ಇಲ್ಲಿ ನೋಡಿದರೆ ಪುಸ್ತಕಗಳು ಹೊಗೆಯಲ್ಲಿ ಕಪ್ಪಾಗಿ, ಒಣಗಿ, ಗಟ್ಟಿಯಾಗಿ ತೂಗುತ್ತಿವೆ!

ಹೋಟೆಲಿನ ಯಜಮಾನರು ಶೀನಣ್ಣ. ಐವತ್ತರ ಆಚೆಯ ವಯಸ್ಸು, ಹೆಗಲ ಮೇಲೆ ಕೈ ಒರಸುವ ಒಂದು ಬೈರಾಸು. “ಇದೆಂತ ಶೀನಣ್ಣ, ಪುಸ್ತಕ ಅಲ್ಲಿ ಯಾಕೆ?” ಎಂದು ಕೇಳಿದೆ.

“ಮತ್ತೆ ಎಲ್ಲಿ ಇಡುವುದು ಮಾರಾಯ್ರೆ? ಕೆಳಗೆ ಇಟ್ಟರೆ ಗೆದ್ದಲು. ಪೆಟ್ಟಿಗೆಯಲ್ಲಿ ಇಟ್ಟರೆ ಬೂಷ್ಟು. ಹೊಗೆಗೆ ಎರಡೂ ಹತ್ತಿರ ಬರುವುದಿಲ್ಲ. ನೀರಿನ ಸೌತೆಕಾಯಿಯೇ ಕೊಳೆಯುವುದಿಲ್ಲ, ಒಣಗಿದ ಕಾಗದ ಕೊಳೆಯುತ್ತದಾ?”

ಅವರ ಹೆಂಡತಿ ಕಮಲಕ್ಕ ಒಂದು ಬದಿಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. “ಹೋದ ವರ್ಷ ಹುಳಿ ಮಾಡಲಿಕ್ಕೆ ಅಂತ ಕತ್ತಲೆಯಲ್ಲಿ ಒಂದನ್ನು ಇಳಿಸಿದೆ,” ಎಂದರು. “ಪುಣ್ಯಕ್ಕೆ ಹೆಚ್ಚಲಿಲ್ಲ.”

ಹೊರಗೆ ಬಸ್ಸು ಹಾರನ್ ಹಾಕಿತು. ನಾನು ಹೋಗಲಿಲ್ಲ.

ಶೀನಣ್ಣ ಕುಣಿಕೆಗಳನ್ನು ಒಂದೊಂದಾಗಿ ಇಳಿಸಿ ಮೇಜಿನ ಮೇಲೆ ಹರಡಿದರು. ಮೂವತ್ತೇಳು ಪುಸ್ತಕ. ನಾನು ಅಭ್ಯಾಸಬಲದಿಂದ ಮನಸ್ಸಿನಲ್ಲೇ ಗ್ರೇಡು ಹಾಕುತ್ತಾ ಹೋದೆ. ಮೂರು, ಮೂರಕ್ಕಿಂತ ಕೆಳಗೆ, ಇನ್ನೂ ಕೆಳಗೆ, ಮತ್ತೆ ಹೆಸರಿಲ್ಲದ ಕೆಳಗೆ. ಒಂದಕ್ಕೆ ಕವರು ಇಲ್ಲ. ಒಂದರ ಅರ್ಧವನ್ನು ಇಲಿ ತಿಂದಿದೆ. ಒಂದರ ಮೇಲೆ ಕಾಫಿ ಲೋಟದ ಕಂದು ಉಂಗುರಗಳು. ಆದರೆ ಒಂದರಲ್ಲೂ ತುಕ್ಕಿನ ಚುಕ್ಕೆಯಿಲ್ಲ. ಯಾಕೆಂದರೆ ಒಂದರಲ್ಲೂ ಪಿನ್ನೇ ಇಲ್ಲ! ಎಲ್ಲವನ್ನೂ ಕಿತ್ತು ಬಿಸಾಡಿ, ಮಲ್ಲಿಗೆ ಕಟ್ಟುವ ಬಾಳೆನಾರಿನಿಂದಲೇ ಹೊಲಿದಿದ್ದಾರೆ. ನಾನು ಪೆಟ್ಟಿಗೆ, ಬೀಗ, ನುಸಿಗುಳಿಗೆ ಎಂದೆಲ್ಲ ಒದ್ದಾಡಿ ಮಾಡಲಾಗದ್ದನ್ನು ಒಂದು ಎಳೆ ನಾರು ಮಾಡಿತ್ತು.

ಇಷ್ಟೊಂದು ಇಂಗ್ಲಿಷ್ ಕಾಮಿಕ್ಸ್ ಕಟಪಾಡಿಗೆ ಬಂದದ್ದು ಹೇಗೆ? ಎರಡನೇ ಮಹಾಯುದ್ಧದ ಕಾಲದಲ್ಲಿ ಶೀನಣ್ಣ ಮುಂಬಯಿಯ ಬಂದರಿನ ಹತ್ತಿರದ ಒಂದು ಹೋಟೆಲಿನಲ್ಲಿದ್ದರು. ಹಡಗಿಳಿದ ಪರದೇಶದ ಸೋಲ್ಜರುಗಳು ಓದಿ, ಸುರುಳಿ ಸುತ್ತಿ, ಮೇಜಿನ ಮೇಲೆ ಬಿಟ್ಟು ಹೋಗುತ್ತಿದ್ದರು. “ಒಳ್ಳೆಯದನ್ನು ಧಣಿಗಳು ತೆಗೆದಿಡುತ್ತಿದ್ದರು. ಹರಿದದ್ದು ಒಲೆಗೆ. ಒಲೆ ನನ್ನ ಕೈಯಲ್ಲಿತ್ತಲ್ಲ!”

ಅಂದರೆ ಹರಿದದ್ದಷ್ಟೇ ಇವರ ಪಾಲು. ಊರಿಗೆ ಬರುವಾಗ ಹಾಸಿಗೆಯ ಸುರುಳಿಯೊಳಗೆ ಅದನ್ನೇ ತಂದರು.

ಅವುಗಳಲ್ಲೆಲ್ಲ ರಾಜನೆಂದರೆ ಕುದುರೆಯ ಪುಸ್ತಕ. ಕತೆ ಇಷ್ಟೇ. ಬಯಲುಸೀಮೆಯಂಥ ಒಂದು ಪರದೇಶದಲ್ಲಿ ಒಬ್ಬ ಟಪಾಲು ಸವಾರ. ಅವನಿಗೆ ಒಬ್ಬ ಜತೆಗಾರ. ಹಣದ ಚೀಲದ ಆಸೆಗೆ ಜತೆಗಾರ ಅವನಿಗೆ ಒಂದು ತೊರೆಯ ಬದಿಯಲ್ಲಿ ಗುಂಡು ಹೊಡೆಯುತ್ತಾನೆ. ಸವಾರ ಬೀಳುತ್ತಾನೆ. ಪುಟ ತಿರುವಿದರೆ, ಅದೇ ಸವಾರ ಕುದುರೆ ಹತ್ತಿ ಬರುತ್ತಿದ್ದಾನೆ. ಮುಖ, ಕೈ, ಬಟ್ಟೆ ಎಲ್ಲ ಬೆಳ್ಳಗೆ. ಊರಿನವರು ಬಾಗಿಲು ಹಾಕಿಕೊಳ್ಳುತ್ತಾರೆ. ಕಟ್ಟಕಡೆಯ ಚಿತ್ರದಲ್ಲಿ ಜತೆಗಾರ ಮೊಣಕಾಲೂರಿದ್ದಾನೆ. ಬಿಳಿಯ ಸವಾರ ಅವನೆದುರು ನಿಂತು ಕೈಯೆತ್ತಿದ್ದಾನೆ. ಆ ಪುಟದ ಕೆಳಗಿನ ಮೂಲೆ ಹರಿದಿದೆ. ಹಿಂದಿನ ಕವರೂ ಇಲ್ಲ.

ನಾನು ಎಲ್ಲರಂತೆ ಚಿತ್ರ ನೋಡಲಿಲ್ಲ. ಮೂಲೆಯ ಪುಟಸಂಖ್ಯೆ ನೋಡಿದೆ. “ಶೀನಣ್ಣ, ಹತ್ತರ ನಂತರ ಹದಿಮೂರು ಉಂಟಲ್ಲ. ನಡುವೆ ಒಂದು ಹಾಳೆ ಹೋಗಿದೆ.”

“ಎಲ್ಲಿ ಹೋಗಿದೆ?” ಶೀನಣ್ಣನಿಗೆ ಆಶ್ಚರ್ಯ. “ಹತ್ತರಲ್ಲಿ ಬಿದ್ದ. ಮಾಯಕ್ಕೆ ಸಂದ. ಹದಿಮೂರರಲ್ಲಿ ಬಂದ. ಮತ್ತೆಂತ ಬೇಕು?”

ಪಕ್ಕದ ಬೆಂಚಿನಲ್ಲಿ ದೂಮಣ್ಣ ಎಂಬವರು ಚಾ ಕುಡಿಯುತ್ತಿದ್ದರು. ಮಟ್ಟುವಿನಿಂದ ಗಾಡಿಯಲ್ಲಿ ಗುಳ್ಳ ಬದನೆ ತಂದು ಮಾರುವವರು. “ಬಿಳಿ ಬಣ್ಣ ಹಾಕಿಕೊಂಡೇ ಬಂದಿದ್ದಾನೆ, ಕಾಣುವುದಿಲ್ವಾ?” ಎಂದರು. “ನಿಮಗೆ ಲೆಕ್ಕ ಮಾತ್ರ ಕಾಣುವುದು ಮಾರಾಯ್ರೆ!”

ಆಗ ನನಗೆ ಹೊಳೆಯಿತು. ಅನ್ಯಾಯವಾಗಿ ಸತ್ತವನು ಮಾಯಕ್ಕೆ ಸಂದು, ಅಂದರೆ ಕಣ್ಣಿಗೆ ಮರೆಯಾಗಿ, ದೈವವಾಗಿ, ಬಣ್ಣ ಹಚ್ಚಿ, ಕುದುರೆಯೇರಿ ಬಂದು ನ್ಯಾಯ ಕೇಳುವುದು ನಮ್ಮ ತುಳುನಾಡಿನ ಎಷ್ಟು ಪಾಡ್ದನದ ಹಾಡುಗಳಲ್ಲಿ ಇಲ್ಲ? ಬೇರೆ ಊರಿನವರಾದರೆ ಹತ್ತರ ಮುಂದೆ ಹದಿಮೂರು ಕಂಡ ಕೂಡಲೇ ತಲೆ ಕೆರೆದುಕೊಳ್ಳುತ್ತಿದ್ದರು. ಇವರಿಗೆ ಅಲ್ಲಿ ಕಿಂಡಿಯೇ ಕಾಣಲಿಲ್ಲ. ಇವರ ಪ್ರಕಾರ ಹೋಗಿರುವ ಹಾಳೆ ಒಂದೇ. ಕಡೆಯದು.

ಕೈಯೆತ್ತಿದ ಮೇಲೆ ಏನಾಯಿತು? ಕೊಂದನೇ, ಕ್ಷಮಿಸಿದನೇ?

ಈ ಪ್ರಶ್ನೆಗೆ ಕಟಪಾಡಿಯಲ್ಲಿ ಸಂಜೆ ಸಂಜೆ ತೀರ್ಮಾನವಾಗುತ್ತದೆ. ಅಂದೂ ಆಯಿತು, ನಾನೇ ನೋಡಿದೆ. ನಾಲ್ಕೈದು ಮಂದಿ ಬೆಂಚುಗಳಲ್ಲಿ ಸೇರಿದರು. ಶೀನಣ್ಣ ಪುಸ್ತಕದ ಕಡೆಯ ಪುಟ ತೆರೆದು ಗಲ್ಲಾಪೆಟ್ಟಿಗೆಗೆ ಒರಗಿಸಿ ನಿಲ್ಲಿಸಿದರು. ಚಿತ್ರದ ಇಂಗ್ಲಿಷ್ ಮಾತು ಯಾರಿಗೂ ಬೇಕಾಗಿಲ್ಲ. ತಾಳಮದ್ದಳೆಯಲ್ಲಿ ಅರ್ಥ ಹೇಳುವ ಹಾಗೆ ಮಾತನ್ನು ಇವರೇ ಹಾಕುತ್ತಾರೆ. ಸವಾರ ಶೀನಣ್ಣ. ದ್ರೋಹಿ ಜತೆಗಾರ ದೂಮಣ್ಣ.

“ಎಲವೋ, ಗುರುತು ಸಿಕ್ಕಿತೋ? ತೊರೆಯ ಬದಿಯಲ್ಲಿ ಬೀಳಿಸಿದೆಯಲ್ಲ, ಅವನೇ ನಾನು!”

ದೂಮಣ್ಣ ಬೆಂಚಿನಿಂದ ಕೆಳಗಿಳಿದು ನೆಲದಲ್ಲಿ ಕುಳಿತರು. “ಸಿಕ್ಕಿತು ಸ್ವಾಮೀ. ಆದರೆ ನನ್ನದೊಂದು ಪ್ರಶ್ನೆ. ನಿನ್ನ ಚೀಲದಲ್ಲಿ ನನ್ನ ತಾಯಿ ಬರೆದ ಕಾಗದ ಇತ್ತು. ಮೂರು ಊರು ಸುತ್ತಿದೆ, ಜತೆಯಲ್ಲೇ ಇದ್ದ ನನಗೆ ಕೊಟ್ಟೆಯಾ? ಅದು ಕೈಸೇರಿದ್ದರೆ ನಾನು ಈ ಕೆಲಸಕ್ಕೆ ಇಳಿಯುತ್ತಿದ್ದೆನಾ? ಹೇಳು, ಮೊದಲು ತಪ್ಪಿದವರು ಯಾರು?”

“ಇದು ಪುಸ್ತಕದಲ್ಲಿ ಉಂಟಾ?” ನಾನು ಪಕ್ಕದವರನ್ನು ಪಿಸುಮಾತಿನಲ್ಲಿ ಕೇಳಿದೆ.

“ಇಲ್ಲದಿದ್ದರೆ ಹೇಳಬಾರದು ಅಂತ ಉಂಟಾ?” ಎಂದು ಉತ್ತರ ಬಂತು.

ದೂಮಣ್ಣನ ವಾದ ಗಟ್ಟಿಯಿದ್ದ ದಿನ ಕ್ಷಮೆ. ಮಾತು ಸೋತ ದಿನ ಸಾವು. ಆ ವಾರ ಎರಡು ಸಲ ಸತ್ತಿದ್ದರಂತೆ.

ಎಲ್ಲ ಮುಗಿದ ಮೇಲೆ ಶೀನಣ್ಣ ಪುಸ್ತಕ ಮಡಚುತ್ತಾ ಹೇಳಿದರು: “ನಾವು ಹೇಳುವುದೆಲ್ಲ ನಮ್ಮದು. ಅವನು ನಿಜಕ್ಕೂ ಎಂತ ಮಾಡಿದ? ಕಡೇ ಹಾಳೆಯಲ್ಲಿ ಇರಬೇಕು. ಬೊಂಬಾಯಿಯಲ್ಲಿ ಇರುವಾಗಿಂದ ಹುಡುಕುತ್ತಿದ್ದೇನೆ. ಕಣ್ಣು ಮುಚ್ಚುವ ಮೊದಲು ಅದೊಂದು ಗೊತ್ತಾದರೆ ಸಾಕು.”

ನಗುತ್ತಾ ಹೇಳಿದರು. ಆದರೆ ಅದು ನಗೆಯ ಮಾತಲ್ಲ ಎಂದು ನನಗೆ ಗೊತ್ತಾಯಿತು.

ಆ ಹಾಳೆ ಎಲ್ಲಿರಬಹುದೆಂದೂ ನನಗೆ ಗೊತ್ತಿತ್ತು. ಮಣಿಪಾಲದಲ್ಲಿ.

ನನ್ನ ಗೆಳೆಯ ವಿನ್ಸೆಂಟ್ ಅಲ್ಲಿ ಡಾಕ್ಟರಿಕೆ ಓದುತ್ತಾನೆ. ಮನೆ ಕಾರ್ಕಳದಲ್ಲಿ. ಅವನ ದೊಡ್ಡಪ್ಪ ಆಫ್ರಿಕಾದಿಂದ ಬರುವಾಗ ಒಂದು ಟ್ರಂಕು ತುಂಬ ಕಾಮಿಕ್ಸ್ ತಂದು ಅವನಿಗೆ ಕೊಟ್ಟಿದ್ದಾರೆ. ಎಲ್ಲವೂ ಅಂಗಡಿಯಿಂದ ಈಗ ತಂದಂತೆ. ಒಂದೊಂದಕ್ಕೂ ಬಟರ್ ಪೇಪರಿನ ಹೊದಿಕೆ. ಮುಟ್ಟುವ ಮೊದಲು ಕೈ ತೊಳೆಯಬೇಕು, ಆಪರೇಷನ್ನಿಗೆ ಹೋಗುವವರ ಹಾಗೆ. ಕುದುರೆಯ ಪುಸ್ತಕ ಅವನಲ್ಲಿರುವುದನ್ನು ನಾನು ನೋಡಿದ್ದೆ. ಹೋಗಿ ಕೇಳಿದೆ: “ಆ ಟಪಾಲು ಸವಾರನ ಕತೆ ಹೇಗೆ ಮುಗಿಯುತ್ತದೆ ಮಾರಾಯ?”

“ಯಾರಿಗೆ ಗೊತ್ತು? ನಾನು ಓದಿಲ್ಲ.”

“ಓದಿಲ್ವಾ!”

“ಓದಿದರೆ ಕಂಡೀಷನ್ ಹೋಗುತ್ತದೆ ಮಾರಾಯ.”

ನಗಬೇಡಿ. ನಮ್ಮ ಮನೆಗಳಲ್ಲಿ ಏನು ಕಡಿಮೆಯೇ? ರೇಡಿಯೋಕ್ಕೆ ಕಸೂತಿ ಬಟ್ಟೆ ಹೊದೆಸಿ, ಬಟ್ಟೆ ಕೊಳೆಯಾಗುತ್ತದೆಂದು ರೇಡಿಯೋ ಹಾಕದವರು ನನಗೆ ಗೊತ್ತು. ಹೊಸ ಕೊಡೆಯನ್ನು ಕಂಕುಳಲ್ಲಿಟ್ಟು ಮಳೆಯಲ್ಲಿ ನೆನೆದು ಬಂದವರೂ ಗೊತ್ತು. (ಒಬ್ಬರು ನಮ್ಮ ಕಚೇರಿಯ ಹೆಡ್ ಕ್ಲಾರ್ಕು. ಹೆಸರು ಬರೆಯುವುದಿಲ್ಲ, ನಾಳೆ ಅವರ ಎದುರೇ ಕುಳಿತುಕೊಳ್ಳಬೇಕು.)

ಶೀನಣ್ಣನ ಮೂವತ್ತೇಳರ ಬಗ್ಗೆ ಹೇಳುತ್ತಾ ಹೋದೆ. ಒಂದು ಪುಸ್ತಕದ ಹೆಸರು ಕೇಳಿ ವಿನ್ಸೆಂಟ್ ಕುರ್ಚಿಯಿಂದ ಎದ್ದ. ಅದು ಒಂದು ಸರಣಿಯ ಮೊತ್ತಮೊದಲ ಸಂಚಿಕೆ. ಅವನ ಟ್ರಂಕಿನಲ್ಲಿ ಎರಡರಿಂದ ಮುಂದೆ ಎಲ್ಲ ಇವೆ, ಒಂದು ಇಲ್ಲ. “ಕವರು ಉಂಟಾ?” “ಇಲ್ಲ.” “ಅಡ್ಡಿಯಿಲ್ಲ. ಅದನ್ನು ಕೊಟ್ಟರೆ ಕುದುರೆಯದ್ದು ನಾನು ಕೊಡ್ತೇನೆ.”

ಮುಂದಿನ ಶನಿವಾರ ಮಧ್ಯಾಹ್ನ ಇಬ್ಬರೂ ಕಟಪಾಡಿಯಲ್ಲಿ ಇಳಿದೆವು. ಊಟದ ಗಲಾಟೆ ಮುಗಿದು ಹೋಟೆಲು ಖಾಲಿ. ಶೀನಣ್ಣ ಒಪ್ಪಂದವನ್ನು ಕೇಳಿದರು. ಮೇಲಿಂದ ಆ ಮೊದಲ ಸಂಚಿಕೆಯನ್ನು ಇಳಿಸಿದರು. ಇಳಿಸಿದವರು ಕೊಡದೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಒಲೆಗೆ ಹಾಕದೆ ಅವರು ಉಳಿಸಿದ ಮೊದಲನೆಯ ಪುಸ್ತಕ ಅದು. ಇಂಗ್ಲಿಷಿನ ನಾಲ್ಕು ಅಕ್ಷರ ಕೂಡಿಸಲು ಕಲಿತದ್ದೂ ಅದರಲ್ಲೇ.

“ಕೊಡ್ತೀರಾ ಅದನ್ನು?” ಎಂದರು ಕಮಲಕ್ಕ. “ನನಗಿಂತ ಮೊದಲು ಬಂದದ್ದಲ್ವಾ?”

“ಕಡೇ ಹಾಳೆ ಬೇಕಲ್ಲ ಮಾರಾಯ್ತಿ,” ಎಂದು ಕೊಟ್ಟೇಬಿಟ್ಟರು.

ವಿನ್ಸೆಂಟ್ ಅದನ್ನು ಕರ್ಚೀಫಿನಲ್ಲಿ ಹಿಡಿದು ಮೂಸಿದ. “ಇದೆಂತ, ಸಾರಿನ ವಾಸನೆ!”

“ಅದು ಪುಕ್ಕಟೆ ಡಾಕ್ಟ್ರೆ.”

ಶೀನಣ್ಣ ಕೈ ತೊಳೆದು, ಬೈರಾಸಿನಲ್ಲಿ ಒರಸಿ, ಬಟರ್ ಪೇಪರು ಬಿಚ್ಚಿದರು. ಹಿಂದಿನಿಂದಲೇ ತೆರೆದರು. ಅದೇ ಚಿತ್ರ. ಮೊಣಕಾಲೂರಿದ ಜತೆಗಾರ, ಕೈಯೆತ್ತಿದ ಸವಾರ. ಅವರ ಪ್ರತಿಯಲ್ಲಿ ಹರಿದುಹೋಗಿದ್ದ ಮೂಲೆ ಇಲ್ಲಿ ಸುಕ್ಕಿಲ್ಲದೆ ಇತ್ತು. ಅದರಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ. ಬೆರಳಿಟ್ಟು ಕೂಡಿಸಿದರು. ನನ್ನ ಮುಖ ನೋಡಿದರು.

“ಇಲ್ಲಿಗೇ ಮುಗಿಯಿತು ಅಂತ ಬರೆದದ್ದಾ?”

“ಹೌದು ಶೀನಣ್ಣ.”

ಮಗುಚಿದರು. ಅಷ್ಟು ವರ್ಷ ಹುಡುಕಿದ ಹಾಳೆ ಕಣ್ಣೆದುರು ಬಂತು. ಹಿಂದಿನ ಕವರು. ಕುತ್ತಿಗೆಯವರೆಗೆ ನೊರೆಯಲ್ಲಿ ಮುಳುಗಿದ ಪರದೇಶದ ಹೆಂಗಸೊಬ್ಬಳು ಸಾಬೂನು ಹಿಡಿದು ನಗುತ್ತಿದ್ದಳು.

 

ಶೀನಣ್ಣ ಪುಸ್ತಕವನ್ನು ಬಿಡಲಿಲ್ಲ. ಕೊಟ್ಟು ತೆಗೆದುಕೊಂಡದ್ದು, ಪೂರ್ತಿ ನೋಡುವ ಎಂಬಂತೆ ಮೊದಲಿನಿಂದ ಪುಟ ತಿರುವತೊಡಗಿದರು. ಎಂಟು, ಒಂಬತ್ತು, ಹತ್ತು. ಸವಾರ ಬಿದ್ದ. ನನಗೆ ಆಗ ನೆನಪಾಯಿತು. ಈ ಪ್ರತಿಯಲ್ಲಿ ಹತ್ತರ ನಂತರ ಹನ್ನೊಂದು ಇರುತ್ತದಲ್ಲ!

ಇತ್ತು. ಹನ್ನೊಂದರಲ್ಲಿ ಒಂದು ಹಿಟ್ಟಿನ ಗಿರಣಿ. ಚೀಲಗಳ ಮೇಲೆ ಸವಾರನನ್ನು ಮಲಗಿಸಿ ಮುದುಕನೊಬ್ಬ ಭುಜಕ್ಕೆ ಪಟ್ಟಿ ಕಟ್ಟುತ್ತಿದ್ದಾನೆ. ಹನ್ನೆರಡರಲ್ಲಿ ಜತೆಗಾರ ಅವನನ್ನು ಹುಡುಕಿ ಬರುತ್ತಾನೆ. ಸವಾರ ಚೀಲಗಳ ಹಿಂದೆ ಅಡಗುತ್ತಾನೆ. ಚೀಲ ಒಡೆದು ಮೈಮೇಲೆ ಹಿಟ್ಟು ಸುರಿಯುತ್ತದೆ.

ವಿನ್ಸೆಂಟ್ ಬಗ್ಗಿ ನೋಡಿದ. ಓದುತ್ತಿರುವ ವಿದ್ಯೆ ಬಾಯಿಗೆ ಬಂತು. “ಗುಂಡು ಭುಜಕ್ಕೆ ತಾಗಿದ್ದು. ಸಾಯುವ ಪ್ರಶ್ನೆಯೇ ಇಲ್ಲ. ನಾಲ್ಕು ದಿನ ಡ್ರೆಸ್ಸಿಂಗ್ ಮಾಡಿದರೆ ಸಾಕು.”

“ಮುಖಕ್ಕೆ ಹಚ್ಚಿದ್ದು ಹಿಟ್ಟಾ?” ಶೀನಣ್ಣ ನನ್ನನ್ನು ಕೇಳಿದರು.

“ಹಿಟ್ಟು.”

“ಗೋಧಿಯದ್ದಾ?”

“ಇರಬೇಕು.”

ಬೆಳಗಿಂದ ಸಂಜೆಯವರೆಗೆ ಹಿಟ್ಟು ಕಲಸುವ ಮನುಷ್ಯ. ತನ್ನ ಕೈಯನ್ನೇ ಒಮ್ಮೆ ನೋಡಿಕೊಂಡರು. ಆಮೇಲೆ ಕೇಳಿದರು: “ಡಾಕ್ಟ್ರೆ, ಪುಸ್ತಕ ಈಗ ನನ್ನದಲ್ವಾ?”

“ನಿಮ್ಮದೇ. ಕೊಟ್ಟಾಯಿತಲ್ಲ.”

ಶೀನಣ್ಣ ಆ ಹಾಳೆಯ ಬುಡಕ್ಕೆ ಹೆಬ್ಬೆರಳಿನ ಉಗುರು ಒತ್ತಿದರು. ಬಾಳೆಯೆಲೆ ಸೀಳುವ ಉಗುರು ಅದು. ಮೇಲಿಂದ ಕೆಳಕ್ಕೆ ಒಂದೇ ಎಳೆತ. ಹನ್ನೊಂದು ಮತ್ತು ಹನ್ನೆರಡು ನೇರವಾಗಿ, ಹಲ್ಲು ಬೀಳದೆ, ಕೈಗೆ ಬಂದವು.

ವಿನ್ಸೆಂಟ್ ಕೂಗಿದ ಕೂಗಿಗೆ ಹೊರಗೆ ಗಾಡಿಯ ಎತ್ತುಗಳು ತಲೆಯೆತ್ತಿದವು. ಇಷ್ಟು ವರ್ಷ ಬಟರ್ ಪೇಪರಿನಲ್ಲಿ ಮಲಗಿದ್ದ ಒಂದನೇ ಗ್ರೇಡು ಅವನ ಕಣ್ಣೆದುರೇ ಮೂರಕ್ಕಿಂತ ಕೆಳಗೆ ಹೋಗಿತ್ತು.

“ಇದು ನೀವೇ ಇಟ್ಟುಕೊಳ್ಳಿ ಡಾಕ್ಟ್ರೆ,” ಎಂದು ಹಾಳೆಯನ್ನು ಅವನ ಕೈಗಿಟ್ಟರು. “ನಿಮ್ಮ ಪೇಶೆಂಟು.”

ಮತ್ತೆ ಕುಳಿತು, ಎರಡು ಪಿನ್ನುಗಳನ್ನೂ ಚಾಕುವಿನ ತುದಿಯಿಂದ ಎಬ್ಬಿಸಿ ತೆಗೆದರು. ಕಮಲಕ್ಕ ಕೇಳದೆಯೇ ಒದ್ದೆ ನಾರಿನ ಎಳೆಯೊಂದನ್ನು ನೀಡಿದರು. ಹೊಲಿಗೆ ನಡೆಯಿತು.

ನನಗೆ ತಡೆಯಲಾಗಲಿಲ್ಲ. “ಯಾಕೆ ಹರಿದಿರಿ ಶೀನಣ್ಣ? ನಿಜ ಇದ್ದದ್ದು ಅದರಲ್ಲೇ ಅಲ್ವಾ?”

“ನಿಜ ಇರಲಿ ಮಾರಾಯ್ರೆ, ಬೇಡ ಅಂದವರು ಯಾರು?” ನಾರಿನ ಗಂಟನ್ನು ಹಲ್ಲಿನಲ್ಲಿ ಬಿಗಿದರು. “ಸಾಯದೆ ಉಳಿದವನು ತಿರುಗಿ ಬಂದರೆ ಅದು ಪೊಲೀಸು, ಕೋರ್ಟು. ಅದಕ್ಕೆ ದೂಮಣ್ಣ ಬೆಂಚಿನಿಂದ ಯಾಕೆ ಇಳಿಯಬೇಕು?”

 

ಹರಿದ ಪುಸ್ತಕ ಕೂಡಿಡುವವರು ಹಲವರಿದ್ದಾರೆ, ಬೇರೆ ಗತಿಯಿಲ್ಲದೆ. ಸರಿಯಿದ್ದ ಪುಸ್ತಕವನ್ನು, ತನಗಿರುವ ಅತಿ ಪ್ರೀತಿಯದ್ದನ್ನು ಕೊಟ್ಟು ಪಡೆದು, ಎಲ್ಲಿ ಹರಿಯಬೇಕೋ ಅಲ್ಲಿ ಮಾತ್ರ ಹರಿದ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆಯವರೆಗೆ ನಿಂತೆ. ವಿನ್ಸೆಂಟನೂ ನಿಂತ, ಸಿಟ್ಟಿನಲ್ಲಿ ಎರಡು ಪ್ಲೇಟು ಗೋಳಿಬಜೆ ತಿಂದ. ಕತ್ತಲಾಗುವ ಹೊತ್ತಿಗೆ ಬೆಂಚುಗಳು ತುಂಬಿದವು. ಸುದ್ದಿ ಹೇಗೋ ಹೋಗಿತ್ತು. ದೂಮಣ್ಣ ಎತ್ತುಗಳನ್ನು ಬಿಚ್ಚದೆಯೇ ಒಳಗೆ ಬಂದರು. ಮುಖದಲ್ಲಿ ಗಾಬರಿ.

“ಕಡೇ ಹಾಳೆ ಬಂತಂತೆ? ನನ್ನನ್ನು ಎಂತ ಮಾಡಿದ?”

ಶೀನಣ್ಣ ಸುಳ್ಳು ಹೇಳಲಿಲ್ಲ. ಸಾಬೂನಿನ ಹೆಂಗಸನ್ನು ಎಲ್ಲರಿಗೂ ತೋರಿಸಿದರು. “ಇದೇ ಕಡೇ ಹಾಳೆ. ಕೈಯೆತ್ತಿದ್ದು ಎತ್ತಿದ ಹಾಗೆಯೇ ಉಂಟು. ಅಲ್ಲಿಗೇ ಮುಗಿಸಿದ್ದಾರೆ.”



“ಹಾಗಾದರೆ ನಾನಿನ್ನೂ ಸತ್ತಿಲ್ಲ!” ಎಂದರು ದೂಮಣ್ಣ.

ಹೋಟೆಲಿಗೆ ಹೋಟೆಲೇ ನಕ್ಕಿತು. ಯಾರೋ ಹಿಂದಿನಿಂದ ಕೇಳಿದರು: “ಎತ್ತಿದ್ದು ಹೊಡೆಯಲಿಕ್ಕಾ, ಹರಸಲಿಕ್ಕಾ?” “ಅದನ್ನು ಇವತ್ತು ನೋಡುವ,” ಎಂದು ಶೀನಣ್ಣ ಹೊಸ ಪುಸ್ತಕವನ್ನು ಗಲ್ಲಾಪೆಟ್ಟಿಗೆಗೆ ಒರಗಿಸಿದರು. ಹಿಟ್ಟಿನ ಮಾತು ಎತ್ತಲಿಲ್ಲ. ದೂಮಣ್ಣ ಬೆಂಚಿನಿಂದ ಇಳಿದರು. ಕಾಗದ ಬರೆದ ತಾಯಿ ಅಂದು ಕಾಯಿಲೆ ಬಿದ್ದಳು, ಮಗನ ದಾರಿ ಕಾದಳು, ಕಣ್ಣು ಕಳೆದುಕೊಂಡಳು. ಬಿಳಿಯ ಸವಾರನಿಗೆ ಮಾತು ಹೊರಡದೆ ಕೈ ಇಳಿಸಬೇಕಾಯಿತು. ಸಿಟ್ಟಿನಲ್ಲಿದ್ದ ವಿನ್ಸೆಂಟ್ ಮುಖವನ್ನು ಗೋಡೆಯ ಕಡೆ ತಿರುಗಿಸಿ ಕರ್ಚೀಫು ಹುಡುಕುತ್ತಿದ್ದ. ಅದರಲ್ಲಿ ಪುಸ್ತಕ ಸುತ್ತಿಟ್ಟಿದ್ದ, ಪಾಪ.

(ಇದನ್ನೆಲ್ಲ ಬರೆಯಲಾ ಎಂದು ಶೀನಣ್ಣನನ್ನು ಕೇಳಿಯೇ ಬರೆದಿದ್ದೇನೆ. “ಧಾರಾಳ ಬರೆಯಿರಿ. ಹಿಟ್ಟು ಅಂತ ಪೇಪರಿನಲ್ಲಿ ಬಂದರೆ ಇಲ್ಲಿ ಯಾರು ನಂಬುತ್ತಾರೆ?” ಎಂದರು.)

ಈಗ ಪರಿಸ್ಥಿತಿ ಹೀಗಿದೆ. ಮಣಿಪಾಲದ ಒಂದು ಕೋಣೆಯಲ್ಲಿ, ಬಟರ್ ಪೇಪರಿನೊಳಗೆ, ಟಪಾಲು ಸವಾರ ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಸುರಕ್ಷಿತವಾಗಿ ಮಲಗಿದ್ದಾನೆ. ಕಟಪಾಡಿಯಲ್ಲಿ ಅವನು ತೊರೆಯ ಬದಿಯಲ್ಲೇ ಸತ್ತುಹೋದ. ದಿನಾ ಸಂಜೆ ಕುದುರೆ ಹತ್ತಿ ಬರುತ್ತಾನೆ.

ಇಬ್ಬರಲ್ಲಿ ಬದುಕಿರುವವನು ಯಾರು?